ತಂಗಿಯ ದಾಳಿಂಬೆಗೆ ಬಂದ ಬಿಳಿನೊಣ

ತಂಗಿ ತೀರಿಕೊಂಡ ಮೇಲೆ ಅವಳು ನೆಟ್ಟಿದ್ದ ದಾಳಿಂಬೆ ಗಿಡವನ್ನು ಅಮ್ಮ ನೋಡಿಕೊಳ್ಳುತ್ತಿದ್ದಳು. ಚನ್ನರಾಯನದುರ್ಗದ ನಮ್ಮ ಹಿತ್ತಲಲ್ಲಿ ಅದೊಂದೇ ಹಣ್ಣಿನ ಗಿಡ. ವರ್ಷದ ತಿಥಿಯ ಎಡೆಗೆ ಅದರ ಹಣ್ಣನ್ನೇ ಇಡಬೇಕು ಎಂದು ಅಮ್ಮ ಹೇಳಿದ್ದಳು. ಬೇರೇನನ್ನೂ ಕೇಳಿರಲಿಲ್ಲ.

ಹೂವು ಕಾಯಿಯಾಗುವ ಹೊತ್ತಿಗೆ ಎಲೆಯಡಿ ಬಿಳಿನೊಣ ಕೂತಿತು. ಕೊಂಬೆ ಮುಟ್ಟಿದರೆ ಹಿಟ್ಟು ಹಾರಿದಂತೆ ಏಳುತ್ತಿತ್ತು. ಎಲೆಗಳು ಅಂಟಾಗಿ, ಮಸಿ ಹಿಡಿದು, ಪೀಚುಗಳು ಉದುರತೊಡಗಿದವು. ಔಷಧಿ ಹೊಡೆಯೋಣ ಎಂದೆ.

"ಅವಳ ಎಡೆಗೆ ವಿಷ ಇಕ್ಕಾನಾ? ಬ್ಯಾಡ ಬುಡು," ಎಂದ ಅಮ್ಮ ದಿನವೂ ಬೆಳಿಗ್ಗೆ ಒಲೆಯ ಬೂದಿ ಎರಚಲು ಶುರುಮಾಡಿದಳು.

ಪಾವಗಡದ ಬಲಸಮುದ್ರದಿಂದ ಬಂದ ಚಿಕ್ಕಮ್ಮ ಗಿಡ ನೋಡಿ ನಕ್ಕಳು.

"ಏನಕ್ಕಾ, ಗಿಡಕ್ಕೂ ವಿಭೂತಿ ಬಳಿದುಬುಟ್ಟಿದೀಯಾ? ನಮ್ಮ ಗಿಡಕ್ಕೂ ಇದೇ ಬಂದಿತ್ತು. ಸುಮ್ನೆ ಬುಟ್ವಿ. ಇದನ್ನ ತಿನ್ನೋ ಹುಳ ತಾನೇ ಬಂತು."

ಊರಿಗೆ ಹೋದವಳು ತನ್ನ ಗಿಡದ ಎಲೆಗಳನ್ನು ಕವರಿನಲ್ಲಿ ಕಟ್ಟಿ ಬಸ್ಸಿನಲ್ಲಿ ಕಳಿಸಿದಳು. ಎಲೆಯಡಿ ಬಿಳಿನೊಣದ ಮರಿಗಳು ಕಪ್ಪಗಾಗಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಜದ ಹುಳ ಅವುಗಳೊಳಗೆ ಮೊಟ್ಟೆ ಇಡುತ್ತದೆ. ಅದರ ಮರಿ ಒಳಗಿನಿಂದ ತಿಂದು ತೂತು ಕೊರೆದು ಹೊರಬರುತ್ತದೆ. ಇದೇ ಬಿಳಿನೊಣ ಬೇರೆ ದೇಶಗಳಲ್ಲಿ ಆಲಿವ್ ಮರಗಳನ್ನು ಕಾಡುತ್ತದೆ, ಅಲ್ಲೂ ಕಣಜವೇ ಅದನ್ನು ಹತೋಟಿಯಲ್ಲಿಡುತ್ತದೆ ಎಂದು ಫೋನಿನಲ್ಲಿ ಓದಿದೆ.

ಕಣಜ ನಮ್ಮ ಗಿಡಕ್ಕೂ ಹರಡಲಿ ಎಂದು ಆ ಎಲೆಗಳನ್ನು ಹೂ ಕಟ್ಟುವ ದಾರದಲ್ಲಿ ಕೊಂಬೆಗಳಿಗೆ ಕಟ್ಟಿದೆವು. ಬೂದಿ ಬಿದ್ದರೆ ಕಣಜವೂ ಸಾಯುತ್ತದೆ ಎಂದು ಅಮ್ಮನಿಗೆ ಹೇಳಿದೆ.

"ಅಂಗಾದ್ರೆ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡ."

ಅಮ್ಮ ಬೂದಿ ಎರಚುತ್ತಿದ್ದ ಮೊರವನ್ನು ಗೋಡೆಗೆ ಒರಗಿಸಿಟ್ಟಳು. ಅದಾದ ಮೇಲೆ ಬೆಳಿಗ್ಗೆ ಎದ್ದು ಹಿತ್ತಲ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಕೆಲವು ವಾರ ಏನೂ ಬದಲಾಗಲಿಲ್ಲ. ಆಮೇಲೆ ನಮ್ಮ ಎಲೆಗಳಡಿಯೂ ಕಪ್ಪು ಚುಕ್ಕೆಗಳು ಕಂಡವು. ಹೊಸ ಚಿಗುರಿಗೆ ನೊಣ ಹತ್ತಲಿಲ್ಲ.

ತಿಥಿಯ ದಿನ ಗಿಡದಲ್ಲಿ ಉಳಿದಿದ್ದು ಒಂದೇ ಕಾಯಿ, ಇನ್ನೂ ಹಸಿರು. ಕಿತ್ತು ತರಲೇ ಎಂದೆ.

"ಬ್ಯಾಡ ಕಣಮ್ಮ. ಕಾಯಿ ಕೊಟ್ರೆ ಬೈತಾಳೆ. ಹಣ್ಣಾಗ್ಲಿ."

ಎಡೆಗೆ ಚಿಕ್ಕಮ್ಮ ತನ್ನ ಗಿಡದಿಂದ ತಂದಿದ್ದ ಹಣ್ಣನ್ನು ಇಟ್ಟೆವು.

ನಮ್ಮದು ಹಣ್ಣಾದಾಗ ಮನೆಯಲ್ಲಿ ಯಾವ ಕಾರ್ಯವೂ ಇರಲಿಲ್ಲ. ಅಮ್ಮ ಜಗಲಿಯಲ್ಲಿ ಕೂತು ಬಿಡಿಸಿ, ನನ್ನ ಕೈಗಷ್ಟು ಕಾಳು ಹಾಕಿ, ತಾನೂ ತಿಂದಳು. ಹುಳಿ ಎಂದೆ.

"ಅವಳು ನೆಟ್ಟಿದ್ದಲ್ವಾ," ಎಂದು ಇನ್ನಷ್ಟು ಬಾಯಿಗೆ ಹಾಕಿಕೊಂಡಳು.