ಶಿವಣ್ಣ ಮಾಮ ಎತ್ತಿಟ್ಟ ಚೆಂಡು

ಬೆಳಿಗ್ಗೆ ಒಂಬತ್ತೂಕಾಲಿಗೆ ಅರಸೀಕೆರೆಯಲ್ಲಿ ರೈಲಿಳಿದಾಗ ನನ್ನ ಜೊತೆ ಹಂಗೇರಿಯ ನಾಲ್ವರು ಹೆಂಗಸರಿದ್ದರು: ಮೂವರು ಆಟಗಾರ್ತಿಯರು, ಒಬ್ಬರು ತರಬೇತುದಾರರು. ಬೆಂಗಳೂರಿನ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ತಂಡ ಪಂದ್ಯಾವಳಿಯಲ್ಲಿ ಅವರು ಹಿಂದಿನ ದಿನವಷ್ಟೇ ಸೋತು ಹೊರಬಿದ್ದಿದ್ದರು. ವಿಮಾನಕ್ಕೆ ಇನ್ನೂ ಎರಡು ದಿನವಿತ್ತು. ಬ್ಯಾಂಕಿಗೆ ರಜೆ ಹಾಕಿ ಪಂದ್ಯಾವಳಿಯಲ್ಲಿ ಸ್ವಯಂಸೇವಕಿಯಾಗಿದ್ದ ನಾನು, ಬೇಲೂರು ಹಳೇಬೀಡು ತೋರಿಸುತ್ತೇನೆ ಬನ್ನಿ ಎಂದು ಹೊರಡಿಸಿದ್ದೆ.

ದೇವಸ್ಥಾನ ಬರೀ ನೆಪ. ನಿಜವಾದ ಕಾರಣ ಪ್ಲಾಟ್‌ಫಾರಂ ಮೇಲೆ ಕಾಯುತ್ತ ನಿಂತಿದ್ದ, ಹಳಿ ಬದಲಿಸಿ ಬಾವುಟ ತೋರಿಸುವ ಪಾಯಿಂಟ್ಸ್‌ಮನ್ ಶಿವಣ್ಣ ಮಾಮ. ಚಿಕ್ಕಂದಿನಲ್ಲಿ ನನ್ನ ಕೈಗೆ ಬ್ಯಾಟು ಕೊಟ್ಟವರು ಅವರೇ. ರೈಲ್ವೆ ಕ್ಲಬ್ಬಿನ ಮೇಜಿನ ಮೇಲೆ ಮೂವತ್ತು ವರ್ಷ ಆಡಿದ್ದಾರೆ. ದೇಶದ ಹೆಸರು ಬೆನ್ನ ಮೇಲೆ ಹೊತ್ತವರ ಜೊತೆ ಒಂದೇ ಒಂದು ಗೇಮ್ ಆಡಬೇಕೆಂಬುದು ಅವರ ಆಸೆ. ಬರುವ ತಿಂಗಳು ನಿವೃತ್ತಿ. ಆಡಿಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಎವಾ ಎಂಬ ಆಟಗಾರ್ತಿ ಒಪ್ಪಿ, ಬ್ಯಾಟನ್ನೂ ತಂದಿದ್ದಳು.

"ಐದಕ್ಕೆಲ್ಲ ಬಂದ್ಬಿಡು ಸುಮಾ. ಆರೂಕಾಲಿಗೆ ನನ್ ಡ್ಯೂಟಿ ಐತೆ, ಆರೂವರೆಗೆ ನಿಮ್ ರೈಲು," ಎಂದರು ಮಾಮ.

ಇಡ್ಲಿ ವಡೆ ತಿಂದು ಬಾಡಿಗೆ ವ್ಯಾನಿನಲ್ಲಿ ಬೇಲೂರು ಸೇರುವಾಗ ಬಿಸಿಲು ಚುರುಗುಟ್ಟುತ್ತಿತ್ತು. ಹುಡುಗಿಯರು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿ ಎಳನೀರಿಗೆ ಓಡಿದರು. ತರಬೇತುದಾರರಾದ ಅರವತ್ತರ ಇಲೋನಾ ಮಾತ್ರ ಒಂದೊಂದು ಮದನಿಕೆಯ ಮುಂದೂ ಕತ್ತೆತ್ತಿ ನಿಂತುಬಿಟ್ಟರು. ಹಳೇಬೀಡಿನಲ್ಲಿ ಇನ್ನೂ ಕಷ್ಟ. ಗೋಡೆಯ ಬುಡದ ಆನೆಗಳನ್ನು ಬಗ್ಗಿ ಬಗ್ಗಿ ನೋಡುತ್ತ, ಒಂದರ ಹಾಗೆ ಇನ್ನೊಂದಿದೆಯೇ ಎಂದು ಹುಡುಕತೊಡಗಿದರು. ಇಷ್ಟೊಂದು ಕೆತ್ತಬೇಕಿತ್ತೇ ಎಂದು ನನಗೆ ಜೀವಮಾನದಲ್ಲಿ ಮೊದಲ ಸಲ ಹೊಯ್ಸಳರ ಮೇಲೆ ಸಿಟ್ಟು ಬಂತು.

"ಅಕ್ಕಾ, ಈಯಮ್ಮ ಆನೆ ಮುಗ್ಸಿ ಇನ್ನೂ ಸಿಂಹಕ್ಕೆ ಬರ್ಬೇಕು. ನಾವು ನಾಳೀಕ್ ಹೋಗೋದೇಯ," ಎಂದ ಡ್ರೈವರ್ ನಾಗರಾಜ.

ಕೈ ಹಿಡಿದು ಎಳೆದುಕೊಂಡೇ ಬಂದೆ. ಬಾಣಾವರದಲ್ಲಿ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ನಿಧಾನವಾಗಿ ಹೋಯಿತು. ಕ್ಲಬ್ಬು ಮುಟ್ಟಿದಾಗ ಐದೂ ಮುಕ್ಕಾಲು.

ಮೇಜು ಒರೆಸಿ, ಊದುಬತ್ತಿ ಹಚ್ಚಿದ್ದರು. ಶಿವಣ್ಣ ಮಾಮ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಒಳ್ಳೆಯ ದಿನಕ್ಕೆಂದು ಆರು ವರ್ಷ ಎತ್ತಿಟ್ಟಿದ್ದ ಚೆಂಡಿನ ಡಬ್ಬಿಯನ್ನು ಅಲ್ಲೇ ಒಡೆದರು. ಎವಾ ಚೆಂಡನ್ನು ಬೆರಳಲ್ಲಿ ತಿರುಗಿಸಿ ಆಗದೆಂದು ತಲೆಯಾಡಿಸಿದಳು. ಆಟದ ಚೆಂಡು ಈಗ ಎರಡು ಮಿಲಿಮೀಟರ್ ದೊಡ್ಡದಾಗಿದೆ; ಈ ಹಳೆಯದರಲ್ಲಿ ಆಡಿದರೆ ಕೈ ಕೆಡುತ್ತದೆ, ಹೊಸದಿದ್ದರೆ ಕೊಡಿ ಎಂದಳು. ಎಲ್ಲಿಂದ ತರುವುದು? ಒಂದು ವಾರ ಪೂರ್ತಿ ಆ ದೊಡ್ಡ ಚೆಂಡುಗಳನ್ನೇ ಹೆಕ್ಕಿ ಕೊಡುತ್ತಿದ್ದವಳು ನಾನು. ಒಂದನ್ನು ಚೀಲಕ್ಕೆ ಹಾಕಿಕೊಳ್ಳಲು ಹೊಳೆದಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

"ಹೋಗ್ಲಿ ಬಿಡವ್ವ. ಕಣ್ಣಲ್ಲಿ ನೋಡಿದ್ನಲ್ಲ," ಎಂದು ಮಾಮ ಡಬ್ಬಿ ಮುಚ್ಚತೊಡಗಿದರು.

ಇಲೋನಾ ಆ ಡಬ್ಬಿಗೆ ಕೈ ಹಾಕಿದರು. ಒಂದು ಚೆಂಡನ್ನು ಮೇಜಿನ ಮೇಲೆ ಬಿಟ್ಟು, ಅದರ ಸದ್ದು ಕೇಳಿ ನಕ್ಕರು. ಎವಾಳ ಬ್ಯಾಟು ಕಿತ್ತುಕೊಂಡು, ಚಪ್ಪಲಿ ಬಿಟ್ಟು ನಿಂತರು. "ಈಗಿನ ಹನ್ನೊಂದು ಪಾಯಿಂಟಲ್ಲ. ನಮ್ಮ ಕಾಲದ ಇಪ್ಪತ್ತೊಂದು!" ಎಂದರು ಇಂಗ್ಲಿಷಿನಲ್ಲಿ.

"ದೇಶಕ್ಕೆ ಹನ್ನೆರಡು ವರ್ಷ ಆಡಿದವರು. ಚೆಂಡು ಬದಲಾದ ಮೇಲೆ ನಮ್ಮ ಜೊತೆ ಆಡಿದ್ದೇ ಇಲ್ಲ," ಎಂದು ಎವಾ ನನ್ನ ಕಿವಿಯಲ್ಲಿ ಹೇಳಿದಳು.

ಹತ್ತೊಂಬತ್ತು ಸಮ ಆಗುವವರೆಗೆ ಯಾರೂ ಉಸಿರು ಬಿಡಲಿಲ್ಲ. ಕೊನೆಯ ಎರಡು ಪಾಯಿಂಟು ಇಲೋನಾಗೆ ಹೋದವು. "ಸೋತೆ ಕಣವ್ವಾ!" ಎಂದು ಮಾಮ ಗೆದ್ದವರ ಹಾಗೆ ಕೂಗಿದರು. ನನಗೆ ಅಳು ಬಂತು. ಇಲೋನಾ ಆ ಚೆಂಡನ್ನು ಕೇಳಿ ಪಡೆದು ಕರವಸ್ತ್ರದಲ್ಲಿ ಸುತ್ತಿಕೊಂಡರು. ಮಾಮ ಗಡಿಯಾರ ನೋಡಿ ಡ್ಯೂಟಿಗೆ ಓಡಿದರು.

ರೈಲು ಹೊರಟಾಗ ಕಿಟಕಿಯಿಂದ ಹಿಂದಿರುಗಿ ನೋಡಿದೆವು. ಪ್ಲಾಟ್‌ಫಾರಂ ತುದಿಯಲ್ಲಿ ಶಿವಣ್ಣ ಮಾಮ ಬಲಗೈಯಲ್ಲಿ ಹಸಿರು ಬಾವುಟ ಹಿಡಿದು ನಿಂತಿದ್ದರು. ಎಡಗೈಯಲ್ಲಿ ಸುತ್ತಿ ಹಿಡಿದಿರಬೇಕಿದ್ದ ಕೆಂಪು ಬಾವುಟ ಕಾಣಲಿಲ್ಲ. ಅಲ್ಲಿ ಬ್ಯಾಟಿತ್ತು.