ಶೀಲಾಳ ಸಿಪಾಯಿ

ಕಮಲಾಪುರದ ಅತ್ತೆಯ ಮನೆಯಲ್ಲಿ ಬೀಗರೆಲ್ಲ ಊಟಕ್ಕೆ ಕೂತಿದ್ದಾಗ ಶೀಲಾ ಪಡಸಾಲೆಯ ಮೂಲೆಯಿಂದ, "ಅಳಬ್ಯಾಡೋ ರಾಜಾ, ನಾ ಇದೀನಲ್ಲ!" ಎಂದು ಕೂಗಿಬಿಟ್ಟಳು. ಕಿವಿಯಲ್ಲಿ ಇಯರ್‌ಫೋನ್ ಇತ್ತು, ತನ್ನ ದನಿ ತನಗೇ ಕೇಳಿಸಿರಲಿಲ್ಲ. ಹೋಳಿಗೆ ಬಡಿಸುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು.

ರಾಜಾ ಎಂದರೆ ಅವಳ ಮೊಬೈಲ್ ಆಟದೊಳಗಿನ ಕುದುರೆ ಸವಾರ ಸಿಪಾಯಿ. ಯುದ್ಧದಲ್ಲಿ ತಮ್ಮನನ್ನು ಕಳೆದುಕೊಂಡು ಕುಡಿತಕ್ಕೆ ಬಿದ್ದವನು. ಅವನನ್ನು ಸಮಾಧಾನ ಮಾಡಬೇಕೋ, ಬೈಯಬೇಕೋ, ಬಿಟ್ಟುಹೋಗಬೇಕೋ ಎಂದು ಆಟ ಕೇಳುತ್ತದೆ. ಆಡುವವರು ಆರಿಸಿದಂತೆ ಕಥೆ ಸಾಗುತ್ತದೆ. ಕಲಬುರಗಿಯ ಸೇಡಂ ರಸ್ತೆಯ ಲ್ಯಾಬಿನಲ್ಲಿ ಹಗಲೆಲ್ಲ ಜನರ ರಕ್ತ ತೆಗೆಯುವ ಶೀಲಾ ಸಂಜೆಯಾದರೆ ಇವನ ಕಣ್ಣೀರು ಒರೆಸುತ್ತಿದ್ದಳು.

ಗಂಡ ಯಶವಂತನಿಗೆ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಗಂಡನ ಹೆಸರು ಹಿಡಿದು ಕರೆಯಬಾರದೆಂಬುದು ಮನೆಯ ಪದ್ಧತಿ. ಹಾಗಾಗಿ ಮದುವೆಯಾದಾಗಿನಿಂದ ಅವನಿಗೆ ಸಿಕ್ಕಿದ್ದು ಬರೀ 'ರೀ'. ಯಾವನೋ ಸಿಪಾಯಿಗೆ ಮಾತ್ರ ರಾಜಮರ್ಯಾದೆ! ತಾನೂ ದುಃಖಿಯಾದರೆ ಹೇಗೆ ಎಂದುಕೊಂಡು ಅವನು ಗಡ್ಡ ಬಿಟ್ಟ, ನಿಟ್ಟುಸಿರು ಬಿಟ್ಟ, ಕೊನೆಗೆ ಊಟವನ್ನೂ ಬಿಟ್ಟ.

"ಹೊಟ್ಟಿ ಉರಿಲಾಕತ್ತದ ಏನ್ರೀ?" ಎಂದು ಶೀಲಾ ಜೀರಿಗೆ ನೀರು ತಂದುಕೊಟ್ಟಳು.

ಯಶವಂತ ಲೋಟ ಕೆಳಗಿಟ್ಟ. "ಖರೇ ಹೇಳು. ನಿನಗ ಆ ಸಿಪಾಯಿ ಬೇಕೋ, ನಾ ಬೇಕೋ?"

"ಅಂವ ಹೋದ ವಾರನೇ ಸತ್ತಾನಲ್ರೀ," ಎಂದಳು ಶೀಲಾ. "ನಾನೇ ಸಾಯ್ಲಾಕ ಬಿಟ್ಟೆ. ಅಂವ ಸತ್ರೇ ಅವನ ಕುದುರಿ ನನಗ ಸಿಗ್ತಿತ್ತು."