ಗಿರಿಧರಯ್ಯನವರ ಫ್ಯೂಸು

ಹೊಳೆನರಸೀಪುರದ ಆ ಬೀದಿಯಲ್ಲಿ ಯಾರ ಮನೆಯ ಫ್ಯೂಸು ಹೋದರೂ ದೇವರಿಗಿಂತ ಮೊದಲು ನೆನಪಾಗುತ್ತಿದ್ದವರು ಗುಮಾಸ್ತೆ ಗಿರಿಧರಯ್ಯ. ಪೆನ್ನು ಮರೆತು ಆಫೀಸಿಗೆ ಹೋದಾರು, ಜೇಬಿನಲ್ಲಿ ಟೆಸ್ಟರ್ ಇಲ್ಲದೆ ಹಿತ್ತಿಲಿಗೂ ಹೋದವರಲ್ಲ. ಊಟದ ನಡುವೆ ಕರೆದರೂ ಎದ್ದು ಹೋಗಿ, ಸ್ಟೂಲು ಹತ್ತಿ, "ಯಾರೂ ಮುಟ್ಬೇಡಿ, ದೂರ ನಿಂತ್ಕೊಳ್ಳಿ" ಎಂದು ಗದರಿ, ಬೆನ್ನು ಅಡ್ಡ ಮಾಡಿಕೊಂಡೇ ಫ್ಯೂಸಿಗೆ ತಂತಿ ಸುತ್ತುವರು; ಯಾರಾದರೂ ನೋಡಿ ಕಲಿತುಬಿಟ್ಟರೆ? ದೀಪ ಹತ್ತಿ ಮಕ್ಕಳು "ಹೋ" ಎಂದರೆ ಅದೇ ಅವರಿಗೆ ಬಡ್ತಿ. ಹೀಗಿರುವಾಗ ಅದೇ ಬೀದಿಯ ಲಕ್ಕಯ್ಯನ ಮಗಳು ಶೋಭಿತಾ ಹಾಸನದ ಐಟಿಐಯಲ್ಲಿ ಕರೆಂಟಿನ ಕೆಲಸ ಕಲಿತು ಬಂದಳು. ಕರೆದ ಮನೆಯ ಹೆಂಗಸರನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು, "ಮೊದ್ಲು ಮೇನ್ ಆಫ್ ಮಾಡಿ, ಆಮೇಲೆ ಇಂಗ್ ಸುತ್ತಿ, ಅಷ್ಟೇ ಕಣಕ್ಕ" ಎಂದು ಅವರ ಕೈಯಲ್ಲೇ ಹಾಕಿಸಿದಳು. ಗಿರಿಧರಯ್ಯನವರ ಹೊಟ್ಟೆ ಧಗಧಗ ಉರಿಯಿತು. ಅವಳನ್ನು ಹೊಗಳಿದವರ ಮನೆಯ ಕಾಫಿಯೂ ಕಹಿಯಾಯಿತು. "ಹುಡುಗಿ ಕಟ್ಟಿದ ತಂತಿ, ನಾಳೆವರೆಗೆ ಇದ್ರೆ ಕೇಳಿ" ಎನ್ನುತ್ತ, ಸಂಜೆಯೆಲ್ಲ ಜಗುಲಿಯಲ್ಲಿ ಕೂತು ಯಾರದಾದರೂ ಮನೆ ಕತ್ತಲಾಗಲೆಂದು ಕಾದರು. ಆಗಲಿಲ್ಲ. ಕಡೆಗೊಂದು ಸಂಜೆ ತಮ್ಮ ಮನೆಯ ಫ್ಯೂಸನ್ನೇ ಮೆಲ್ಲಗೆ ಕಿತ್ತು, ಏನೂ ಅರಿಯದವರಂತೆ ಕುರ್ಚಿಗೆ ಬಂದು, ಹೆಂಡತಿ ಹಂಸಮ್ಮ "ರೀ" ಎನ್ನುವುದನ್ನೇ ಕಾಯುತ್ತ ಕೂತರು. ಹಂಸಮ್ಮ ಕಿಟಕಿಯಿಂದ ಬಗ್ಗಿ, "ಶೋಭಿತಾ, ಸ್ವಲ್ಪ ಬಂದು ಹೋಗಮ್ಮಾ" ಎಂದು ಕೂಗಿದರು. ಅವಳು ಬಂದು ಬ್ಯಾಟರಿ ಬೆಳಕು ಬಿಟ್ಟು ನೋಡಿ, "ಸಾ, ಇಲ್ಲಿ ಫ್ಯೂಸೇ ಇಲ್ವಲ್ಲ ಸಾ!" ಎಂದಳು. ಕತ್ತಲಲ್ಲಿ ಗಿರಿಧರಯ್ಯನವರ ಮುಷ್ಟಿಯೊಳಗೆ ಪಿಂಗಾಣಿ ಫ್ಯೂಸು ಬೆವರುತ್ತಿತ್ತು.